ಇನ್ನೊಬ್ಬರ ಸಾಲಕ್ಕೆ ನಿಮ್ಮ ಸಹಿ

ಸಾಲ, ಜಾಮೀನು, ದಿವಾಳಿ ಎಂದ ಕೂಡಲೇ ಇದು ವಕೀಲರ ಮತ್ತು ವ್ಯಾಪಾರಿಗಳ ವಿಷಯವೆಂದು ನೀವು ಪುಟ ತಿರುಗಿಸಬಹುದು. ದಯವಿಟ್ಟು ತಿರುಗಿಸಬೇಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಾಗಿದ್ದರೆ ನಿಮ್ಮ ಮನೆಯಲ್ಲೇ ಯಾರಾದರೊಬ್ಬರು ಇನ್ನೊಬ್ಬರ ಸಾಲದ ಕಾಗದಕ್ಕೆ ಸಹಿ ಹಾಕಿರುವ ಸಾಧ್ಯತೆ ಹೆಚ್ಚು. ಕಬ್ಬಿನ ಹೊಲಕ್ಕೆ ಪೈಪ್‌ಲೈನು, ಹೊಸ ಟ್ರ್ಯಾಕ್ಟರು, ಪೇಟೆಯಲ್ಲೊಂದು ಅಂಗಡಿ, ಮಗಳ ಮದುವೆ, ಯಾವುದಕ್ಕೆ ಹೋದರೂ ಸೊಸೈಟಿಯವರು ಕೇಳುವ ಮೊದಲ ಪ್ರಶ್ನೆ ಒಂದೇ: ಜಾಮೀನು ಯಾರು? ಈ ಪ್ರಶ್ನೆಯ ಹಿಂದೆ ಬಹಳ ಹಳೆಯ ಚರಿತ್ರೆಯಿದೆ. ನನಗೆ ಅತ್ಯಂತ ಪ್ರಿಯವಾದ ಪಾಠಗಳಲ್ಲಿ ಇದೂ ಒಂದು. ನಿಮಗೆ ಕಾನೂನು ಗೊತ್ತಿರಬೇಕಿಲ್ಲ, ಲೆಕ್ಕಶಾಸ್ತ್ರವೂ ಬೇಡ. ಕೂಡುವುದು, ಕಳೆಯುವುದು ಬಂದರೆ ಸಾಕು.

ಬುಡದಿಂದ ಶುರು ಮಾಡೋಣ. ಸಾಲವೆಂದರೆ ಮೂಲತಃ ಇಬ್ಬರ ನಡುವಿನ ವ್ಯವಹಾರ. ಹಣ ಕೊಡುವವನು ಸಾವಕಾರ, ತೆಗೆದುಕೊಳ್ಳುವವನು ಸಾಲಗಾರ. ಬ್ಯಾಂಕು, ಸೊಸೈಟಿ, ಫೈನಾನ್ಸು ಎಲ್ಲವೂ ಈ ಪಾಠದ ಮಟ್ಟಿಗೆ ಸಾವಕಾರರೇ. ಕೊಟ್ಟ ಮೂಲ ಹಣಕ್ಕೆ ಅಸಲು ಎನ್ನುತ್ತೇವೆ. ಆ ಹಣವನ್ನು ಇಷ್ಟು ಕಾಲ ಬಳಸಿದ್ದಕ್ಕೆ ಕೊಡುವ ಬೆಲೆ ಬಡ್ಡಿ. ಸಾವಕಾರನಿಗೆ ಸದಾ ಒಂದು ಭಯವಿರುತ್ತದೆ, ಹಣ ವಾಪಸು ಬಾರದಿದ್ದರೆ ಏನು ಗತಿ? ಆ ಭಯಕ್ಕೆ ಎರಡು ಔಷಧಗಳಿವೆ. ಒಂದು, ಸಾಲಗಾರನ ಹೊಲವನ್ನೋ ಬಂಗಾರವನ್ನೋ ಅಡವು ಇಟ್ಟುಕೊಳ್ಳುವುದು. ಎರಡು, ಇನ್ನೊಬ್ಬ ಮನುಷ್ಯನನ್ನು ನಡುವೆ ತಂದು ನಿಲ್ಲಿಸುವುದು. ಆ ಮೂರನೆಯವನೇ ಜಾಮೀನುದಾರ.

ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ವಿಚಿತ್ರವಿರುವುದು ಇಲ್ಲೇ. ಸಾವಕಾರನಿಗೆ ಬಡ್ಡಿ ಸಿಗುತ್ತದೆ. ಸಾಲಗಾರನಿಗೆ ಹಣ ಸಿಗುತ್ತದೆ. ಜಾಮೀನುದಾರನಿಗೆ ಏನೂ ಸಿಗುವುದಿಲ್ಲ. ಬಹಳವಾದರೆ ಸಹಿ ಹಾಕಿದ ದಿನ ಹೋಟೆಲಿನಲ್ಲಿ ಒಂದು ಚಹಾ. ಆದರೂ ಸಾಲ ಮುಳುಗಿದ ದಿನ ಅವನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಇದು ನನ್ನ ಮಾತಲ್ಲ, 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ತಿರುಳು. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ, ಸಾಲಗಾರ ಎಷ್ಟಕ್ಕೆ ಬಾಧ್ಯನೋ ಜಾಮೀನುದಾರನೂ ಅಷ್ಟಕ್ಕೇ ಬಾಧ್ಯ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಗೋಕಾಕದ ಪೇಟೆಯಲ್ಲಿ ಒಬ್ಬ ಬೆಲ್ಲದ ಅಡತಿ ವ್ಯಾಪಾರಿ ಇದ್ದಾನೆ. ರೈತರ ಮಾಲನ್ನು ತನ್ನ ಅಂಗಡಿಯಲ್ಲಿ ಮಾರಿಸಿಕೊಟ್ಟು ಕಮಿಷನ್ ಪಡೆಯುವವನು ಅಡತಿ ವ್ಯಾಪಾರಿ. ಸುಗ್ಗಿಗೆ ಮೊದಲೇ ರೈತರಿಗೆ ಮುಂಗಡ ಕೊಡುವವನೂ ಅವನೇ, ಹೀಗಾಗಿ ಅವನ ಹಣ ಯಾವಾಗಲೂ ಹೊರಗೇ ಇರುತ್ತದೆ. ಈತ ಒಂದು ಪತ್ತಿನ ಸಂಘದಲ್ಲಿ 5 ಲಕ್ಷ ರೂಪಾಯಿ ಸಾಲ ಕೇಳುತ್ತಾನೆ. ಜಾಮೀನಿಗೆ ಇಬ್ಬರು ಬೇಕು. ಮೂಡಲಗಿಯಲ್ಲಿ ಶಾಲಾ ಮಾಸ್ತರರಾಗಿರುವ ಸೋದರಮಾವನ ಮನೆಗೆ ಹೋಗಿ, "ಮಾಮಾ, ಒಂದ ಸಹಿ ಅಷ್ಟ್ರಿ. ಮುಂದ ಎಲ್ಲಾ ನಾ ನೋಡ್ಕೋತೀನಿ" ಅನ್ನುತ್ತಾನೆ. ಮಾಮಾ ಸಹಿ ಹಾಕುತ್ತಾರೆ. ಹುಕ್ಕೇರಿ ಕಡೆಯ ಬೀಗರೊಬ್ಬರು ಎರಡನೆಯ ಸಹಿ ಹಾಕುತ್ತಾರೆ. ಎರಡು ವರ್ಷ ಕಂತು ಸರಿಯಾಗಿ ಬರುತ್ತದೆ. ಮೂರನೆಯ ವರ್ಷ ಬೆಲ್ಲದ ಧಾರಣೆ ಕುಸಿಯುತ್ತದೆ, ಕೊಟ್ಟ ಮುಂಗಡ ಬರುವುದಿಲ್ಲ, ಅಂಗಡಿಗೆ ಬೀಗ ಬೀಳುತ್ತದೆ. ಬಾಕಿ 3,60,000 ರೂಪಾಯಿ.

ನೋಟಿಸು ಯಾರಿಗೆ ಬರುತ್ತದೆ? ಮೂವರಿಗೂ. ವಸೂಲಿ ಮೊದಲು ಯಾರಿಂದ? ಬಹುತೇಕ ಮಾಸ್ತರರಿಂದಲೇ. ನಮ್ಮ ಕಡೆ ಮಾಸ್ತರರ ಸಹಿಗೆ ಇಷ್ಟು ಬೆಲೆ ಇರುವುದು ಅವರ ವಿದ್ವತ್ತಿಗಾಗಿ ಅಲ್ಲ, ತಿಂಗಳು ತಿಂಗಳು ತಪ್ಪದೆ ಬರುವ ಪಗಾರಕ್ಕಾಗಿ. "ಮೊದಲು ಸಾಲ ತಗೊಂಡವನನ್ನು ಹಿಡೀರಿ, ಆಮೇಲೆ ನನ್ನ ಹತ್ತಿರ ಬರ್ರಿ" ಎಂದು ಮಾಸ್ತರರು ಹೇಳಬಹುದೇ? ಹೇಳಬಹುದು, ನಡೆಯುವುದಿಲ್ಲ. ಬ್ಯಾಂಕ್ ಆಫ್ ಬಿಹಾರ್ ಎಂಬ ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ದಶಕಗಳ ಹಿಂದೆಯೇ ತಳ್ಳಿಹಾಕಿತು. ಸಾಲಗಾರನ ಬೆನ್ನು ಹತ್ತಿ ಸೋತ ಮೇಲೆಯೇ ಜಾಮೀನುದಾರನ ಬಳಿ ಬರಬೇಕೆಂದರೆ ಜಾಮೀನಿನ ಉದ್ದೇಶವೇ ಕೆಡುತ್ತದೆ ಎಂಬುದು ಆ ತೀರ್ಪಿನ ಸಾರ.

ಪಗಾರದಿಂದ ಎಷ್ಟು ಹಿಡಿಯಬಹುದು ಎಂಬುದಕ್ಕೂ ಲೆಕ್ಕವಿದೆ. 1908ರ ದಿವಾಣಿ ಪ್ರಕ್ರಿಯಾ ಸಂಹಿತೆ, ಅಂದರೆ ಹಣಕಾಸು ಮತ್ತು ಆಸ್ತಿಯ ದಾವೆಗಳನ್ನು ನಡೆಸುವ ಕ್ರಮವನ್ನು ಹೇಳುವ ಕಾಯ್ದೆ, ತನ್ನ 60ನೇ ಕಲಮಿನಲ್ಲಿ ಇದನ್ನು ಹೇಳುತ್ತದೆ. ಕೋರ್ಟಿನ ಡಿಕ್ರಿಯ ಮೇಲೆ ಪಗಾರ ಜಪ್ತಿ ಮಾಡುವಾಗ ಮೊದಲ 1,000 ರೂಪಾಯಿಯನ್ನು ಮುಟ್ಟುವಂತಿಲ್ಲ, ಉಳಿದದ್ದರಲ್ಲಿ ಮೂರನೆಯ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದ ಪಗಾರ 40,000 ಎಂದಿಟ್ಟುಕೊಳ್ಳಿ. ಸಾವಿರ ಕಳೆದರೆ 39,000. ಅದರ ಮೂರನೆಯ ಒಂದು ಭಾಗ 13,000. ತಾವು ಒಂದು ರೂಪಾಯಿಯನ್ನೂ ಕೈಯಿಂದ ಮುಟ್ಟದ ಸಾಲಕ್ಕೆ ಮಾಸ್ತರರು ತಿಂಗಳಿಗೆ 13,000 ಕಳೆದುಕೊಳ್ಳಬಹುದು. ಸೊಸೈಟಿಗೆ ಮೊದಲೇ ಪಗಾರ ಕಡಿತದ ಒಪ್ಪಿಗೆ ಬರೆದುಕೊಟ್ಟಿದ್ದರೆ ಅದರ ದಾರಿಯೇ ಬೇರೆ.

ಹಾಗಾದರೆ ಜಾಮೀನುದಾರನಿಗೆ ಹಕ್ಕುಗಳೇ ಇಲ್ಲವೇ ಎಂದು ನೀವು ಕೇಳಬೇಕು. ಇವೆ, ಒಳ್ಳೆಯ ಹಕ್ಕುಗಳೇ ಇವೆ. ಆದರೆ ಮುಖ್ಯವಾದವು ಹಣ ಕಟ್ಟಿದ ನಂತರ ಎಚ್ಚರಗೊಳ್ಳುತ್ತವೆ. ಮಾಸ್ತರರು 3,60,000ವನ್ನೂ ಕಟ್ಟಿದರು ಎನ್ನಿ. ಆ ಕ್ಷಣದಿಂದ ಅವರು ಸಾವಕಾರನ ಜಾಗದಲ್ಲಿ ನಿಲ್ಲುತ್ತಾರೆ (140ನೇ ಕಲಮು). ಸಂಘದ ಬಳಿ ಅಡವಾಗಿದ್ದ ವಾಹನವೋ ಜಾಗವೋ ಇದ್ದರೆ ಅದರ ಲಾಭ ಅವರಿಗೆ ಬರುತ್ತದೆ. ಸಮಜಾಮೀನುದಾರರಾದ ಬೀಗರಿಂದ ಅರ್ಧ, ಅಂದರೆ 1,80,000, ಕೇಳಬಹುದು (146ನೇ ಕಲಮು). ಅಳಿಯನಿಂದ ಪೂರ್ತಿ ವಸೂಲು ಮಾಡುವ ಹಕ್ಕಂತೂ ಇದ್ದೇ ಇದೆ (145ನೇ ಕಲಮು). ಕಾಗದದ ಮೇಲೆ ಎಲ್ಲವೂ ನ್ಯಾಯವಾಗಿದೆ. ಆದರೆ ಮುಳುಗಿದ ಅಳಿಯನ ಮೇಲೆ ದಾವಾ ಹೂಡಿ ಮಾಮಾ ಪಡೆಯುವುದೇನು? ಬೀಗರ ಮನೆಗೆ ಹೋಗಿ ಅರ್ಧ ಕೇಳುವುದು ಎಷ್ಟು ಸುಲಭ? ಕಾನೂನು ಕೊಟ್ಟ ಹಕ್ಕನ್ನು ನೆಂಟಸ್ತನ ಬಳಸಗೊಡುವುದಿಲ್ಲ.

ಇನ್ನೊಂದು ಬಗೆಯ ಹಕ್ಕುಗಳು ಸಾವಕಾರನ ತಪ್ಪಿನಿಂದ ಹುಟ್ಟುತ್ತವೆ. ಜಾಮೀನುದಾರನಿಗೆ ತಿಳಿಸದೆ, ಅವನ ಒಪ್ಪಿಗೆ ಪಡೆಯದೆ ಸಾಲದ ಷರತ್ತು ಬದಲಿಸಿದರೆ, ಆ ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಅಡವಿಟ್ಟ ವಸ್ತುವನ್ನು ಸಾವಕಾರ ಸುಮ್ಮನೆ ಬಿಟ್ಟುಕೊಟ್ಟರೆ, ಅದರ ಬೆಲೆಯಷ್ಟು ಹೊಣೆ ಜಾಮೀನುದಾರನ ತಲೆಯಿಂದ ಇಳಿಯುತ್ತದೆ. ಆದರೆ ಸಾವಕಾರ ದಾವಾ ಹೂಡಲು ಸುಮ್ಮನೆ ತಡಮಾಡಿದ ಎಂಬ ಒಂದೇ ಕಾರಣಕ್ಕೆ ಬಿಡುಗಡೆ ಇಲ್ಲ. ಈಗಿನ ಅಚ್ಚಾದ ಜಾಮೀನು ಪತ್ರಗಳನ್ನು ಪೂರ್ತಿ ಓದಿ ನೋಡಿ. ಈ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂಬ ಒಂದು ಸಾಲು ಸಣ್ಣ ಅಕ್ಷರದಲ್ಲಿ ಎಲ್ಲಾದರೂ ಕುಳಿತಿರುತ್ತದೆ.

ಇಷ್ಟು ಅಪಾಯವಿದ್ದರೂ ಜಾಮೀನು ಎಂಬ ಪದ್ಧತಿ ಉಳಿದುಕೊಂಡದ್ದೇಕೆ? ಅಡವಿಡಲು ಏನೂ ಇಲ್ಲದವನಿಗೆ ಸಾಲ ಹುಟ್ಟುವುದು ಇದರಿಂದ ಮಾತ್ರ. ಪದ್ಧತಿ ಎಷ್ಟು ಹಳೆಯದೆಂದು ತಿಳಿಯಲು ಗೋಕಾಕದಿಂದ ಕಲ್ಯಾಣಕ್ಕೆ, ಇಂದಿನ ಬಸವಕಲ್ಯಾಣಕ್ಕೆ ಹೋಗಬೇಕು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಸುಮಾರು 900 ವರ್ಷಗಳ ಹಿಂದೆ, ವಿಜ್ಞಾನೇಶ್ವರ ಅಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಸ್ಮೃತಿಕಾರ ಜಾಮೀನನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕರೆದ ದಿನ ಮನುಷ್ಯನನ್ನು ಹಾಜರುಪಡಿಸುತ್ತೇನೆ ಎಂಬುದು ಒಂದು. ಇವನು ನಂಬಿಗಸ್ತ ಎಂದು ಭರವಸೆ ಕೊಡುವುದು ಇನ್ನೊಂದು. ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂಬುದು ಮೂರನೆಯದು. ಮೊದಲೆರಡು ಜಾಮೀನುದಾರನ ಜೊತೆಗೇ ತೀರಿಹೋಗುತ್ತವೆ. ಮೂರನೆಯದು ಮಕ್ಕಳಿಗೂ ಇಳಿಯುತ್ತದೆ.

ನನಗೆ ಈ ಭಾಗದಲ್ಲಿ ಬಹಳ ಮೆಚ್ಚುಗೆಯಾಗುವ ನಿಯಮಗಳು ಇನ್ನೂ ಮೂರಿವೆ. ಪಾಲಾಗದ ಕುಟುಂಬದಲ್ಲಿ ಅಣ್ಣತಮ್ಮಂದಿರು, ಗಂಡಹೆಂಡತಿ, ತಂದೆಮಕ್ಕಳು ಒಬ್ಬರಿಗೊಬ್ಬರು ಜಾಮೀನಾಗುವಂತಿಲ್ಲ. ಗಂಟು ಒಂದೇ ಆದ ಮೇಲೆ ಆ ಜಾಮೀನಿನಿಂದ ಸಾವಕಾರನಿಗೆ ಹೆಚ್ಚಿನ ಭದ್ರತೆ ಬರುವುದಾದರೂ ಎಲ್ಲಿಂದ? ಎರಡನೆಯದು, ಜಾಮೀನುದಾರರು ಹಲವರಿದ್ದು ಪಾಲು ಗೊತ್ತುಮಾಡಿಕೊಂಡಿದ್ದರೆ ತಮ್ಮ ತಮ್ಮ ಪಾಲು ಕೊಡಬೇಕು. ಪ್ರತಿಯೊಬ್ಬನೂ ಪೂರ್ತಿ ಹೊಣೆ ಹೊತ್ತಿದ್ದರೆ ಸಾವಕಾರ ತನಗೆ ಬೇಕಾದವನನ್ನು ಹಿಡಿಯಬಹುದು. ಮೇಲೆ ನೋಡಿದ ಮಾಸ್ತರರ ಸ್ಥಿತಿ ಇದೇ ಅಲ್ಲವೇ? ಮೂರನೆಯದು ಎಲ್ಲಕ್ಕಿಂತ ಖಾರವಾದದ್ದು. ಹತ್ತು ಜನರೆದುರು ಜಾಮೀನುದಾರನಿಂದ ಹಣ ಕಟ್ಟಿಸಿಕೊಂಡರೆ, ಸಾಲಗಾರ ಅವನಿಗೆ ಅದರ ಇಮ್ಮಡಿ ಹಿಂದಿರುಗಿಸಬೇಕು. ಈ ಒಂದು ನಿಯಮ ಇಂದಿನ ಕಾಯ್ದೆಯಲ್ಲಿ ಇಲ್ಲ. ಇದ್ದಿದ್ದರೆ ಎಷ್ಟೋ ಅಳಿಯಂದಿರು ಎರಡು ಸಲ ಯೋಚಿಸುತ್ತಿದ್ದರು.

ಇದನ್ನು ಹಳೆಯ ಗ್ರಂಥದ ಮಾತೆಂದು ತಳ್ಳಬೇಡಿ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಇಲ್ಲಿನ ಕುಟುಂಬಗಳ ಆಸ್ತಿ ವ್ಯಾಜ್ಯಗಳಿಗೆ ಬ್ರಿಟಿಷ್ ಕೋರ್ಟುಗಳು ಮಿತಾಕ್ಷರಾವನ್ನೇ ಆಧಾರವಾಗಿ ಹಿಡಿಯುತ್ತಿದ್ದವು. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ತತ್ತ್ವದ ಮೇಲೆ ಪಿತ್ರಾರ್ಜಿತ ಆಸ್ತಿಯ ಮೇಲೆ ವಸೂಲಿ ನಡೆಯುತ್ತಿತ್ತು. ಈ ಧರ್ಮದ ಹೊಣೆಯೊಂದನ್ನೇ ಕಾರಣ ಮಾಡಿ ಮಗನ ಮೇಲೆ ಕೋರ್ಟು ಕ್ರಮ ಕೈಗೊಳ್ಳುವಂತಿಲ್ಲ ಎಂದಾದದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ, ಅದೂ ಆ ತಿದ್ದುಪಡಿಯ ನಂತರದ ಸಾಲಗಳಿಗೆ.

ಈಗ ಹತ್ತೊಂಬತ್ತನೆಯ ಶತಮಾನಕ್ಕೆ ಬನ್ನಿ. ಇಲ್ಲಿ ನಿಧಾನವಾಗಿ ಓದಿ, ಲೆಕ್ಕ ಇರುವುದು ಇಲ್ಲಿ. ಮುಂಬಯಿ ಪ್ರಾಂತದಲ್ಲಿ ದಾಮದುಪ್ಪಟ್ ಎಂಬ ಹಳೆಯ ರೂಢಿಯಿತ್ತು. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬುದೇ ಅದು. 100 ರೂಪಾಯಿ ಕೊಟ್ಟವನು ಎಷ್ಟು ವರ್ಷ ಕಾದರೂ ಒಟ್ಟು 200ಕ್ಕಿಂತ ಹೆಚ್ಚು ಕೇಳುವಂತಿಲ್ಲ. 1859ರಲ್ಲಿ ಸರಕಾರ ವಾಯಿದೆ ಕಾಯ್ದೆ ತಂದಿತು. ಸಾದಾ ಸಾಲಪತ್ರದ ಮೇಲೆ ಮೂರು ವರ್ಷದೊಳಗೆ ದಾವಾ ಹೂಡದಿದ್ದರೆ ಸಾಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದಿತು. ಉದ್ದೇಶ ಒಳ್ಳೆಯದೇ, ರೈತ ಹಳೆಯ ಸಾಲದ ಕೆಳಗೆ ಸಾಯುವವರೆಗೆ ಇರಬಾರದು. ಆದದ್ದು ಬೇರೆ. ಸಾವಕಾರ ಮೂರು ವರ್ಷ ತುಂಬುವ ಮೊದಲೇ ರೈತನನ್ನು ಕರೆದು, ಅಸಲು ಬಡ್ಡಿ ಕೂಡಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದ. ಹೊಸ ಪತ್ರದಲ್ಲಿ ಹಳೆಯ ಬಡ್ಡಿಯೂ ಅಸಲಾಗಿಬಿಡುತ್ತದೆ.

ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದು ಹಿಡಿಯಿರಿ. ವರ್ಷಕ್ಕೆ 24, ಮೂರು ವರ್ಷಕ್ಕೆ 72. ಮೊದಲ ಪತ್ರ 100 ರೂಪಾಯಿಯದು. ಮೂರು ವರ್ಷದ ನಂತರ ಹೊಸ ಪತ್ರ 172ಕ್ಕೆ. ಆರು ವರ್ಷಕ್ಕೆ ಅದು ಸುಮಾರು 296 ಆಗುತ್ತದೆ. ಒಂಬತ್ತು ವರ್ಷಕ್ಕೆ ಸುಮಾರು 509. ಪತ್ರ ಬದಲಿಸದೆ ಇದ್ದಿದ್ದರೆ ದಾಮದುಪ್ಪಟ್ ರೂಢಿ ಅದನ್ನು 200ಕ್ಕೇ ತಡೆದು ನಿಲ್ಲಿಸುತ್ತಿತ್ತು. ಸಾಲಗಾರನನ್ನು ಕಾಯಲು ಬಂದ ಕಾಯ್ದೆಯೇ ಚಕ್ರಬಡ್ಡಿಗೆ ದಾರಿ ಮಾಡಿಕೊಟ್ಟಿತು. ಪ್ರತಿ ಹೊಸ ಪತ್ರಕ್ಕೂ ಬೇಕಾದದ್ದು ರೈತನ ಹೆಬ್ಬೆಟ್ಟು. ಪತ್ರದಲ್ಲಿ ಏನಿದೆ ಎಂದು ಓದುವ ವಿದ್ಯೆ ಅವನಿಗಿರಲಿಲ್ಲ.

ಅದೇ ಹೊತ್ತಿಗೆ ದೂರದ ಅಮೆರಿಕ ನಮ್ಮ ಕರಿಯ ಮಣ್ಣಿನ ಹೊಲಗಳಿಗೆ ಕಾಲಿಟ್ಟಿತು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು, ಮುಂಬಯಿ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂತು. ಅಮೆರಿಕದ ಬೀಜದಿಂದಲೇ ಬೆಳೆದ ಧಾರವಾಡ–ಅಮೆರಿಕನ್ ಎಂಬ ಹತ್ತಿ ಈ ಭಾಗದಲ್ಲಿ ಆಗಲೇ ಹೆಸರು ಮಾಡಿತ್ತು. ಬೆಲೆ ಏರಿದಾಗ ಸಾಲ ಸುಲಭವಾಗಿ ಹುಟ್ಟುತ್ತದೆ. ಕೊಡುವವನಿಗೂ ಧೈರ್ಯ, ತೆಗೆದುಕೊಳ್ಳುವವನಿಗೂ ಧೈರ್ಯ, ಜಾಮೀನು ನಿಲ್ಲುವವನಿಗಂತೂ ಎಲ್ಲರಿಗಿಂತ ಹೆಚ್ಚು ಧೈರ್ಯ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಮುಂಬಯಿಯಲ್ಲಿ ಷೇರುಗಳ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಮೇಲೆ ಎದ್ದರು. ಅಲ್ಲಿಂದ ಹಬ್ಬಿದ ದಂಗೆಯಲ್ಲಿ ಅವರ ಕಣ್ಣು ಇದ್ದದ್ದು ಸಾಲಪತ್ರಗಳ ಮೇಲೆ, ಸಿಕ್ಕವನ್ನು ಸುಟ್ಟರು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಅದರ ಫಲ. ಪತ್ರದಲ್ಲಿ ಬರೆದ ಮೊತ್ತವನ್ನು ಹಾಗೆಯೇ ನಂಬದೆ, ಸಾಲದ ಚರಿತ್ರೆಯನ್ನು ಬುಡದಿಂದ ತೆಗೆದು ನೋಡುವ ಅಧಿಕಾರವನ್ನು ಅದು ಕೋರ್ಟಿಗೆ ಕೊಟ್ಟಿತು. ಮೊದಲು ಜಾರಿಗೆ ಬಂದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರ ಜಿಲ್ಲೆಗಳಲ್ಲಿ ಮಾತ್ರ. ಬೆಳಗಾವಿ ಜಿಲ್ಲೆ ಆ ನಾಲ್ಕರಲ್ಲಿ ಇರಲಿಲ್ಲ.

ಅಮೆರಿಕದ ಹೆಸರು ಬಂದಿದ್ದರಿಂದ ಅಲ್ಲಿನ ಒಬ್ಬ ದಿವಾಳಿ ಅಂಗಡಿಕಾರನ ಕಥೆ ಹೇಳಿಬಿಡುತ್ತೇನೆ. ಇಲಿನಾಯ್ ಆಗ ಹೊಸದಾಗಿ ಜನ ನೆಲೆಸುತ್ತಿದ್ದ ಗಡಿನಾಡು. ಅಲ್ಲಿನ ನ್ಯೂ ಸೇಲಂ ಎಂಬ ಸಣ್ಣ ಊರಿನಲ್ಲಿ ಇಬ್ಬರು ಪಾಲುದಾರರು 1830ರ ದಶಕದ ಆರಂಭದಲ್ಲಿ ಕಿರಾಣಿ ಅಂಗಡಿ ಕೊಂಡರು. ನಗದು ಕಡಿಮೆ, ಬರೆದುಕೊಟ್ಟ ನೋಟುಗಳೇ ಹೆಚ್ಚು. ಇಂತಿಷ್ಟು ದಿನಕ್ಕೆ ಇಂತಿಷ್ಟು ಹಣ ಕೊಡುತ್ತೇನೆಂದು ಬರೆದ ಚೀಟಿಗೆ ನೋಟು ಎನ್ನುತ್ತಾರೆ, ನಮ್ಮ ಪ್ರಾಮಿಸರಿ ನೋಟು ಅದೇ. ವ್ಯಾಪಾರ ನಡೆಯಲಿಲ್ಲ, ಅಂಗಡಿ ಮುಚ್ಚಿತು. 1835ರಲ್ಲಿ ಒಬ್ಬ ಪಾಲುದಾರ ಸತ್ತ. ಪಾಲುದಾರಿಕೆಯಲ್ಲಿ ಒಬ್ಬನ ಸಾಲಕ್ಕೆ ಇನ್ನೊಬ್ಬನೂ ಹೊಣೆ, ಯಾರೂ ಪ್ರತ್ಯೇಕ ಜಾಮೀನು ಬರೆಯಬೇಕಿಲ್ಲ. ಉಳಿದವನ ತಲೆಯ ಮೇಲೆ ಎಲ್ಲವೂ ಬಂತು. ಹೊಟ್ಟೆಪಾಡಿಗೆ ಆತ ಭೂಮಿ ಅಳೆಯುವ ಕೆಲಸ ಮಾಡುತ್ತಿದ್ದ. ಸಾಲದ ದಾವೆಯಲ್ಲಿ ಅವನ ಕುದುರೆ, ಜೀನು, ಅಳತೆಯ ಸಾಮಾನು ಎಲ್ಲವೂ ಜಪ್ತಿಯಾಗಿ ಲಿಲಾವಿಗೆ ಬಂದವು. ಅಳತೆಯ ಸಾಮಾನೇ ಹೋದ ಮೇಲೆ ದುಡಿಯುವುದು ಹೇಗೆ, ಸಾಲ ತೀರಿಸುವುದು ಹೇಗೆ? ಜೇಮ್ಸ್ ಶಾರ್ಟ್ ಎಂಬ ಗೆಳೆಯ ಲಿಲಾವಿನಲ್ಲಿ ಅವನ್ನು ಕೊಂಡು ಮರಳಿ ಕೊಟ್ಟ. ಆ ಸಾಲವನ್ನು ತಮಾಷೆಗೆ "ರಾಷ್ಟ್ರೀಯ ಸಾಲ" ಎಂದು ಕರೆಯುತ್ತ ಅವನು ವರ್ಷಗಟ್ಟಲೆ ತೀರಿಸಿದ. ಅವನ ಹೆಸರು ಅಬ್ರಹಾಂ ಲಿಂಕನ್. ಸತ್ತ ಪಾಲುದಾರ ವಿಲಿಯಂ ಬೆರಿ.

ಎಲ್ಲರೂ ಲಿಂಕನ್‌ನಂತೆ ಊರಲ್ಲೇ ಉಳಿಯಲಿಲ್ಲ. 1837ರ ಆರ್ಥಿಕ ಕುಸಿತದ ಹೊತ್ತಿಗೆ ಎಷ್ಟೋ ಸಾಲಗಾರರು ರಾತ್ರೋರಾತ್ರಿ ಮನೆ ಬಿಟ್ಟು, ಇನ್ನೂ ಅಮೆರಿಕಕ್ಕೆ ಸೇರದಿದ್ದ ಟೆಕ್ಸಸ್‌ಗೆ ಹೋದರು. ಅವರ ಮನೆಯ ಬಾಗಿಲ ಮೇಲೆ "ಟೆಕ್ಸಸ್‌ಗೆ ಹೋದ" ಎಂಬುದರ ಮೊದಲಕ್ಷರಗಳನ್ನು ಬರೆದಿರುತ್ತಿದ್ದರು ಎಂದು ಹೇಳುತ್ತಾರೆ. ಗಡಿಯ ಆಚೆಗೆ ಸಾವಕಾರನ ಕೋರ್ಟಿನ ಕೈ ಚಾಚುತ್ತಿರಲಿಲ್ಲ. ನಮ್ಮ ಗೋಕಾಕ ಸೀಮೆಯ ಹಳೆಯ ನಕಾಶೆ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸುತ್ತ ಕೊಲ್ಹಾಪುರ, ಮುಧೋಳ, ಜಮಖಂಡಿ, ರಾಮದುರ್ಗ ಸಂಸ್ಥಾನಗಳು. ಬ್ರಿಟಿಷ್ ಕೋರ್ಟಿನ ಡಿಕ್ರಿ ಸಂಸ್ಥಾನದ ನೆಲದಲ್ಲಿ ತಾನಾಗಿ ಜಾರಿಯಾಗುತ್ತಿರಲಿಲ್ಲ. ಸಾಲಗಾರ ಗಡಿ ದಾಟಬಹುದು. ಜಾಮೀನುದಾರನ ಹೊಲ ಎಲ್ಲಿಗೂ ದಾಟುವುದಿಲ್ಲ. ಸಾವಕಾರ ಊರಿನಲ್ಲಿ ಬೇರುಬಿಟ್ಟವನನ್ನೇ ಜಾಮೀನಿಗೆ ಕೇಳುವುದರ ಗುಟ್ಟು ಇದು.

ಟೆಕ್ಸಸ್ 1839ರಲ್ಲಿ ಒಂದು ಹೊಸ ಕಾಯ್ದೆ ಮಾಡಿತು. ಸಾಲಗಾರನ 50 ಎಕರೆ ಜಮೀನು ಅಥವಾ ಪೇಟೆಯ ಮನೆಜಾಗ, ಕಸುಬಿನ ಸಾಮಾನು, ಐದು ಹಾಲು ಕೊಡುವ ಆಕಳು, ಒಂದು ಜೋಡಿ ಎತ್ತು ಇಲ್ಲವೇ ಒಂದು ಕುದುರೆ, ವರ್ಷದ ದಿನಸಿ, ಇವನ್ನು ಜಪ್ತಿ ಮಾಡುವಂತಿಲ್ಲ ಎಂದಿತು. ಲಿಂಕನ್‌ನ ಅಳತೆಯ ಸಾಮಾನು ನೆನಪಾಯಿತೇ? ನಾನು ಆಗಲೇ ಹೇಳಿದ ನಮ್ಮ 60ನೇ ಕಲಮಿನಲ್ಲೂ ಇಂಥದೇ ಪಟ್ಟಿಯಿದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಮಾನು, ಜೀವನಕ್ಕೆ ಅಗತ್ಯವೆಂದು ಕೋರ್ಟು ಕಂಡ ದನಗಳು, ಬಿತ್ತನೆಯ ಬೀಜ, ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಆಭರಣ ಇವೆಲ್ಲ ಜಪ್ತಿಗೆ ಹೊರತು. ಈ ಪಟ್ಟಿ ಜಾಮೀನುದಾರನಿಗೂ ಅನ್ವಯಿಸುತ್ತದೆ. ಮನೆಗೆ ವಸೂಲಿಯವರು ಬಂದಾಗ ನೆನಪಿರಲಿ.

ದಿವಾಳಿ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಊರಲ್ಲಿ ಅದು ಬೈಗುಳದ ಮಾತು. ಕಾನೂನಿನಲ್ಲಿ ಅದೊಂದು ಬಾಗಿಲು. ನನ್ನಲ್ಲಿರುವುದನ್ನೆಲ್ಲ ಒಪ್ಪಿಸುತ್ತೇನೆ, ಸಾವಕಾರರು ಪ್ರಮಾಣದ ಪ್ರಕಾರ ಹಂಚಿಕೊಳ್ಳಲಿ, ಉಳಿದ ಸಾಲದಿಂದ ನನ್ನನ್ನು ಬಿಡಿಸಿ ಎಂದು ಕೋರ್ಟನ್ನು ಕೇಳುವ ದಾರಿ. ಅಮೆರಿಕ ಈ ದಾರಿಯನ್ನು 1800, 1841, 1867ರಲ್ಲಿ ಮೂರು ಸಲ ತೆರೆದು ಮೂರು ಸಲವೂ ಮುಚ್ಚಿತು, 1898ರ ಕಾಯ್ದೆ ಮಾತ್ರ ನೆಲೆ ನಿಂತಿತು. ನಮ್ಮಲ್ಲಿ ಮುಂಬಯಿ, ಕಲ್ಕತ್ತ, ಮದ್ರಾಸುಗಳ ಹೊರಗಿನ ಊರುಗಳಿಗೆ, ಅಂದರೆ ಗೋಕಾಕದಂಥ ಊರುಗಳಿಗೆ, ಪ್ರಾಂತೀಯ ದಿವಾಳಿ ಕಾಯ್ದೆ 1907ರಲ್ಲಿ ಬಂತು, ಮತ್ತೆ 1920ರಲ್ಲಿ ಹೊಸದಾಯಿತು. ಆ 1920ರ ಕಾಯ್ದೆಯಲ್ಲಿ ಸಾಲಗಾರನ ಬಿಡುಗಡೆಯನ್ನು ಹೇಳುವ 44ನೇ ಕಲಮಿನ ಕೊನೆಯಲ್ಲಿ ಒಂದು ಮಾತಿದೆ. ಸಾಲಗಾರ ಬಿಡುಗಡೆಯಾದರೂ ಅವನಿಗೆ ಜಾಮೀನು ನಿಂತವನು ಬಿಡುಗಡೆಯಾಗುವುದಿಲ್ಲ. ನಮ್ಮ ಉದಾಹರಣೆಯ ಅಳಿಯ ದಿವಾಳಿ ಘೋಷಿಸಿಕೊಂಡು ಹೊಸದಾಗಿ ಬದುಕು ಶುರು ಮಾಡಬಹುದು. ಮಾಮಾನ ಪಗಾರ ಕಡಿತ ಮಾತ್ರ ನಡೆಯುತ್ತಲೇ ಇರುತ್ತದೆ.

ವ್ಯಾಪಾರ ಮುಳುಗುವುದೆಲ್ಲ ವ್ಯಾಪಾರಿಯ ತಪ್ಪಿನಿಂದಲೂ ಅಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಗೆ ನುಗ್ಗಿದ್ದನ್ನು ನೀವು ಕಂಡಿರಬಹುದು. ಲೋಳಸೂರ ಸೇತುವೆ ನೀರಿನಡಿ ಹೋಯಿತು, ಅಂಗಡಿಗಳ ಮಾಲು ಕೆಸರಾಯಿತು. ಅಂಥ ಕಡೆ ಕಷ್ಟ ಎಲ್ಲರ ಕಣ್ಣಿಗೆ ಕಾಣುತ್ತದೆ, ಜಾಮೀನುದಾರನ ಮನೆಗೆ ಹೋದ ನೋಟಿಸು ಯಾರಿಗೂ ಕಾಣುವುದಿಲ್ಲ.

ಹೊಣೆಯನ್ನು ಒಬ್ಬಿಬ್ಬರ ಮೇಲೆ ಹಾಕದೆ ಊರಿಗೇ ಹಂಚಿದರೆ ಹೇಗೆ? ಈ ಯೋಚನೆ ಜರ್ಮನಿಯ ರೈಫೈಸನ್ ಎಂಬಾತನದು, 1860ರ ದಶಕದ್ದು. ನಮ್ಮಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಮೂಲಕ ಬಂತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಈ ಬಗೆಯ ಮೊದಲ ಕೃಷಿ ಪತ್ತಿನ ಸಂಘವೆಂದು ಹೆಸರಾಗಿದೆ. ಅಂದಿನ ಗ್ರಾಮೀಣ ಸಂಘಗಳದು ಮಿತಿಯಿಲ್ಲದ ಹೊಣೆ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಸ್ವಂತ ಆಸ್ತಿಯೂ ಬಾಕಿಗೆ ಸೇರುತ್ತಿತ್ತು. ಹೀಗಾಗಿ ಪಕ್ಕದ ಮನೆಯವನು ಸಾಲದ ಹಣವನ್ನು ಬಾವಿಗೆ ಹಾಕಿದನೋ ಜಾತ್ರೆಗೆ ಹಾಕಿದನೋ ಎಂದು ನೋಡುವುದು ಎಲ್ಲರ ಕೆಲಸವಾಯಿತು. ಸಾಲ ಕೊಡುವ ಮೊದಲೇ ಮನುಷ್ಯನನ್ನು ತೂಗುವುದು ಈ ಪದ್ಧತಿಯ ಬಲ. ಇಂದು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸಿನಿಂದ ಗುಂಪು ಸಾಲ ತೆಗೆಯುವಾಗ ನಡೆಯುವುದು ಇದರದೇ ಇನ್ನೊಂದು ರೂಪ, ಒಬ್ಬಳ ಕಂತು ತಪ್ಪಿದರೆ ಉಳಿದವರು ಕೂಡಿಸಿ ಕಟ್ಟಬೇಕು. ಆದರೆ ಕಣಗಿನಹಾಳದಲ್ಲಿ ಸಾಲ ಕೊಡುವ ತೀರ್ಮಾನವೂ ಸದಸ್ಯರದೇ ಆಗಿತ್ತು. ಗುಂಪು ಸಾಲದಲ್ಲಿ ತೀರ್ಮಾನ ಕಂಪನಿಯದು, ಹೊಣೆ ಮಾತ್ರ ಗುಂಪಿನದು. ನನಗೆ ಇದು ಸರಿ ಕಾಣುವುದಿಲ್ಲ. ವಸೂಲಿಯ ಕಿರುಕುಳ ಮಿತಿಮೀರಿದಾಗ ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ ಇಟ್ಟಿತು. ಮನೆಯ ಮುಂದೆ ಕೂಗಾಡುವವರ ವಿರುದ್ಧ ಠಾಣೆಗೆ ಹೋಗಲು ನಿಮಗೆ ದಾರಿಯಿದೆ ಎಂಬುದನ್ನು ಗುಂಪಿನ ಹೆಣ್ಣುಮಕ್ಕಳಿಗೆ ದಯವಿಟ್ಟು ಹೇಳಿ.

ಜಾಮೀನು ನಿಲ್ಲಲೇಬೇಡಿ ಎಂದು ನಾನು ಹೇಳುವುದಿಲ್ಲ. ಯಾರೂ ನಿಲ್ಲದಿದ್ದರೆ ಬಡವನಿಗೆ ಸಾಲವೇ ಹುಟ್ಟದು. ಸಹಿ ಹಾಕುವ ಮೊದಲು ಮೊತ್ತದ ಜಾಗ ಖಾಲಿ ಬಿಟ್ಟಿಲ್ಲವೆಂದು ನೋಡಿ. ನಿಮ್ಮ ಹೊಣೆ ಇಂತಿಷ್ಟು ಮೊತ್ತಕ್ಕೆ ಮಾತ್ರ ಎಂದು ಬರೆಸಲು ಸಾಧ್ಯವೇ ಎಂದು ಕೇಳಿ, 128ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ. ಒಂದೇ ಸಾಲಕ್ಕೋ, ಮುಂದೆ ತೆಗೆಯುವ ಸಾಲಗಳಿಗೂ ಸೇರಿಯೋ ಎಂದು ತಿಳಿದುಕೊಳ್ಳಿ. ಮುಂದಿನ ಸಾಲಗಳಿಗೂ ನಡೆಯುವ ಜಾಮೀನಾಗಿದ್ದರೆ ಬರೆದ ನೋಟಿಸು ಕೊಟ್ಟು, ಇನ್ನು ಮೇಲಿನ ವ್ಯವಹಾರಕ್ಕೆ ನಾನಿಲ್ಲ ಎಂದು ಹಿಂದೆ ಸರಿಯಬಹುದು, ಆಗಿಹೋದದ್ದಕ್ಕೆ ಮಾತ್ರ ಸರಿಯಲಾಗದು. ಮನೆಯವರಿಗೆ ಹೇಳದೆ ಸಹಿ ಹಾಕಬೇಡಿ, ನೀವು ಸತ್ತ ಮೇಲೂ ಆವರೆಗಿನ ಹೊಣೆ ನೀವು ಬಿಟ್ಟುಹೋದ ಆಸ್ತಿಯ ಮೇಲೆ ಇರುತ್ತದೆ. ಸಹಿ ಹಾಕಿದ ಪ್ರತಿಯೊಂದು ಕಾಗದದ ಒಂದು ಪ್ರತಿಯನ್ನು ಅಂದೇ ಕೇಳಿ ಪಡೆದು, ಹೊಲದ ಉತಾರ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ.